ಅಪಾಚೆ ಕ್ಯಾಮೆಲ್: ಕಾಂಪೊನೆಂಟಿಗೆ ಇಡೀ ಆಬ್ಜೆಕ್ಟ್ ಕೊಡುವುದು ಹೇಗೆ

ಬೇರೆ ಬೇರೆ ವ್ಯವಸ್ಥೆಗಳನ್ನು ಜೋಡಿಸುವ ಜಾವಾ ಸಾಧನ ಅಪಾಚೆ ಕ್ಯಾಮೆಲ್. ಡೇಟಾಬೇಸ್‌ನಂಥ ಒಂದೊಂದು ವ್ಯವಸ್ಥೆಯ ಜೊತೆ ಮಾತಾಡುವ ಅದರ ಭಾಗವೇ ಕಾಂಪೊನೆಂಟ್. ಪೋರ್ಟ್, ಟೈಮ್‌ಔಟ್‌ನಂಥ ಸರಳ ಮೌಲ್ಯಗಳನ್ನು ಎಂಡ್‌ಪಾಯಿಂಟ್ ಯುಆರ್‌ಐನಲ್ಲೇ, ಅಂದರೆ ಕಾಂಪೊನೆಂಟನ್ನು ಕರೆಯುವ ವಿಳಾಸದಲ್ಲೇ, ಬರೆದುಬಿಡಬಹುದು. ಡೇಟಾಬೇಸ್ ಕನೆಕ್ಷನ್ ಪೂಲ್‌ನಂಥದ್ದನ್ನು (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಹಾಗೆ ಬರೆಯಲಾಗದು. ಅದಕ್ಕೊಂದು ಹೆಸರು ಕೊಟ್ಟು ಕ್ಯಾಮೆಲ್‌ನ ರಿಜಿಸ್ಟ್ರಿಯಲ್ಲಿ (ಹೆಸರಿನಿಂದ ಆಬ್ಜೆಕ್ಟ್ ಹುಡುಕುವ ಪಟ್ಟಿ) ಇಡಿ, ಬೇಕಾದಲ್ಲೆಲ್ಲ ಆ ಹೆಸರನ್ನು # ಜೊತೆ ಕರೆಯಿರಿ. ಹೀಗೆ ಹೆಸರಿಟ್ಟ ಆಬ್ಜೆಕ್ಟನ್ನೇ ಬೀನ್ ಅನ್ನುವುದು.

ಎಸ್‌ಕ್ಯುಎಲ್ ಕಾಂಪೊನೆಂಟನ್ನೇ ನೋಡೋಣ. ಕ್ಯಾಮೆಲನ್ನು ಸ್ವತಂತ್ರವಾಗಿ ಓಡಿಸುವ ಕ್ಯಾಮೆಲ್ ಮೇನ್‌ನಲ್ಲಿ ಅಪ್ಲಿಕೇಶನ್ ಪ್ರಾಪರ್ಟೀಸ್ ಫೈಲಿನ ಸಾಲುಗಳು ಹೀಗಿರುತ್ತವೆ. ಪೂಲ್‌ಗೆ ಹಿಕಾರಿ ಎಂಬ ಲೈಬ್ರರಿ ಬಳಸಿದೆ. ಇಲ್ಲಿ ಕನ್ನಡ ಲಿಪಿಯಲ್ಲಿವೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಬೇಕು.

ಕ್ಯಾಮೆಲ್.ಬೀನ್ಸ್.ಆರ್ಡರ್‌ಡಿಬಿ = #ಕ್ಲಾಸ್:ಕಾಮ್.ಝಾಕ್ಸರ್.ಹಿಕಾರಿ.ಹಿಕಾರಿಡೇಟಾಸೋರ್ಸ್
ಕ್ಯಾಮೆಲ್.ಬೀನ್ಸ್.ಆರ್ಡರ್‌ಡಿಬಿ.ಜೆಡಿಬಿಸಿಯುಆರ್‌ಎಲ್ = (ಡೇಟಾಬೇಸ್ ವಿಳಾಸ)
ಕ್ಯಾಮೆಲ್.ಬೀನ್ಸ್.ಆರ್ಡರ್‌ಡಿಬಿ.ಮ್ಯಾಕ್ಸಿಮಮ್‌ಪೂಲ್‌ಸೈಜ್ = 10
ಕ್ಯಾಮೆಲ್.ಕಾಂಪೊನೆಂಟ್.ಎಸ್‌ಕ್ಯುಎಲ್.ಡೇಟಾ-ಸೋರ್ಸ್ = #ಬೀನ್:ಆರ್ಡರ್‌ಡಿಬಿ

ಯೂಸರ್‌ನೇಮ್, ಪಾಸ್‌ವರ್ಡ್ ಸಾಲುಗಳೂ ಇದೇ ರೀತಿ. ಎರಡನೇ ಸಾಲಿನಲ್ಲಿ ಬರೀ 'ಯುಆರ್‌ಎಲ್' ಎಂದು ಬರೆಯುವುದು ತೀರಾ ಸಾಮಾನ್ಯ ತಪ್ಪು. ಬೇರೆ ಕೆಲವು ಡೇಟಾಸೋರ್ಸ್‌ಗಳಲ್ಲಿ (ಡೇಟಾಬೇಸ್ ಕನೆಕ್ಷನ್ ಕೊಡುವ ಆಬ್ಜೆಕ್ಟ್‌ಗಳು) ಆ ಹೆಸರಿದೆ, ಹಿಕಾರಿಯಲ್ಲಿಲ್ಲ. ಮೌಲ್ಯ ಹೊಂದಿಸುವ ಮೆಥಡ್ (ಸೆಟ್ಟರ್) ಸಿಗದೆ ಆ್ಯಪ್ ಶುರುವಿನಲ್ಲೇ ಪ್ರಾಪರ್ಟಿ ಬೈಂಡಿಂಗ್ ಎರರ್ ಕೊಟ್ಟು ನಿಲ್ಲುತ್ತದೆ. ಹಾಗೆ ನಿಲ್ಲುವುದೇ ಒಳ್ಳೆಯದು, ಆ ತಪಾಸಣೆಯನ್ನು ಆಫ್ ಮಾಡಬೇಡಿ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಾದರೆ @ಬೀನ್ ಮೆಥಡ್ ಬರೆದರೆ ಸಾಕು, ಹೆಸರು ರಿಜಿಸ್ಟ್ರಿಯಲ್ಲಿ ತಾನಾಗಿಯೇ ಸಿಗುತ್ತದೆ.

#ಕ್ಲಾಸ್ ಮತ್ತು #ಬೀನ್ ಒಂದೇ ಅಲ್ಲ. #ಬೀನ್ ಇರುವುದನ್ನು ಹುಡುಕಿ ತರುತ್ತದೆ, #ಕ್ಲಾಸ್ ಬರೆದಲ್ಲೆಲ್ಲ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ಎಸ್‌ಕ್ಯುಎಲ್ ಕಾಂಪೊನೆಂಟಿಗೊಂದು, ಜೆಡಿಬಿಸಿ ಕಾಂಪೊನೆಂಟಿಗೊಂದು #ಕ್ಲಾಸ್ ಸಾಲು ಹಾಕಿದರೆ ಎರಡು ಪೂಲ್, ಅಂದರೆ 20 ಕನೆಕ್ಷನ್. ಡೀಫಾಲ್ಟಿನಲ್ಲಿ ಹಿಕಾರಿ ಕೆಲಸವಿಲ್ಲದಾಗಲೂ ಪೂಲನ್ನು ತುಂಬಿಸಿಡುತ್ತದೆ. ಆ್ಯಪಿನ 5 ಪ್ರತಿ ಓಡಿಸಿದರೆ 100 ಕನೆಕ್ಷನ್. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೀಫಾಲ್ಟ್ ಮಿತಿ 100, ಅದರಲ್ಲೂ 3 ಸೂಪರ್‌ಯೂಸರ್‌ಗೆ ಮೀಸಲು, ಅಂದರೆ ಅಷ್ಟಕ್ಕೆ ಜಾಗವೇ ಇಲ್ಲ. ಪೂಲ್, ಕ್ಲೈಂಟ್‌ಗಳಂಥ ಭಾರದ ಆಬ್ಜೆಕ್ಟ್‌ಗಳನ್ನು ಒಮ್ಮೆ ಮಾತ್ರ ಕಟ್ಟಿ, ಉಳಿದೆಡೆ #ಬೀನ್ ಬಳಸಿ.

ರಿಜಿಸ್ಟ್ರಿಯಲ್ಲಿ ಒಂದೇ ಡೇಟಾಸೋರ್ಸ್ ಇದ್ದರೆ ಕ್ಯಾಮೆಲ್ ಅದನ್ನು ಕೇಳದೆಯೇ ಜೋಡಿಸಿಕೊಳ್ಳುತ್ತದೆ. ಆರಾಮವೇನೋ ಹೌದು, ಆದರೆ ಮುಂದೆ ಯಾರೋ ರಿಪೋರ್ಟಿಗೆಂದು ಎರಡನೆಯದನ್ನು ಸೇರಿಸಿದ ದಿನ ಯಾವುದನ್ನು ಜೋಡಿಸಬೇಕೆಂದು ತಿಳಿಯದೆ, ಯಾರೂ ಮುಟ್ಟದ ಹಳೆಯ ರೂಟ್ (ಕ್ಯಾಮೆಲ್‌ನಲ್ಲಿ ಸಂದೇಶ ಸಾಗುವ ದಾರಿ) ಶುರುವಾಗುವುದೇ ಇಲ್ಲ. ಮೇಲಿನ ಫೈಲಿನ ಕೊನೆಯ ಸಾಲನ್ನು ಮೊದಲೇ ಬರೆದಿಟ್ಟರೆ ಈ ತಾಪತ್ರಯವಿಲ್ಲ. ಹೆಸರಿನ ಬದಲು ಬಗೆಯಿಂದ ಹುಡುಕುವ #ಟೈಪ್ ಬಳಸಿದರೂ ಇದೇ ಕಥೆ, ಆ ಬಗೆಯದು ಒಂದೇ ಇರಬೇಕು.

ಪಾಸ್‌ವರ್ಡನ್ನು ಯುಆರ್‌ಐನಲ್ಲೇ ಕೊಡಬೇಕಾಗಿ ಬಂದರೆ ರಾ(...) ಒಳಗಿಡಿ, ಆಗ ಕ್ಯಾಮೆಲ್ ಅದನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ + ಗುರುತು ಖಾಲಿ ಜಾಗವಾಗಿ ಲಾಗಿನ್ ಕೈಕೊಡುತ್ತದೆ.

ಬೀನ್ ಸಿಗಲಿಲ್ಲ ಎಂಬ ಎರರ್ ಬಂದರೆ ಮೊದಲು ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ನೋಡಿ. ಟೈಪ್ ಕನ್ವರ್ಟರ್ ಇಲ್ಲ ಎಂದರೆ # ಬಿಟ್ಟುಹೋಗಿರಬಹುದು, ಆಗ ಕ್ಯಾಮೆಲ್‌ಗೆ ಆ ಹೆಸರು ಬರೀ ಸ್ಟ್ರಿಂಗ್.