ಬಿಸಿಲ ನಾಡಿನಿಂದ ಬಂದವರಿಗೆ ರೇನಿಯರ್ ಬೆಟ್ಟದ ದಾರಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಸಿಯಾಟಲ್‌ಗೆ ಹೊಸದಾಗಿ ಬಂದವರು ಮೊದಲು ವಿಚಾರಿಸುವುದು ಬಾಡಿಗೆ ಮನೆ, ಶಾಲೆ, ಜೋಳದ ಹಿಟ್ಟು ಸಿಗುವ ಅಂಗಡಿ. ಅವೆಲ್ಲ ಕೆಲವೇ ವಾರಗಳಲ್ಲಿ ತಾವಾಗಿಯೇ ಸರಿಹೋಗುತ್ತವೆ. ನಾನು ಹೇಳಹೊರಟಿರುವುದು ಬೆಟ್ಟದ ವಿಚಾರ. ಮೋಡವಿಲ್ಲದ ದಿನ ಆಗ್ನೇಯ ದಿಕ್ಕಿನಲ್ಲಿ ಬೆಳ್ಳಗೆ ಎದ್ದು ನಿಲ್ಲುವ ಮೌಂಟ್ ರೇನಿಯರನ್ನು ಎಲ್ಲರೂ ದೂರದಿಂದ ನೋಡುತ್ತಾರೆ, ಫೋಟೊ ತೆಗೆದು ಊರಿಗೆ ಕಳಿಸುತ್ತಾರೆ. ವರ್ಷಗಳು ಕಳೆದರೂ ಅದರ ಬುಡಕ್ಕೆ ಹೋಗಿರುವುದಿಲ್ಲ. ವೀಸಾ ಗಟ್ಟಿಯಾಗಲಿ, ಮಕ್ಕಳು ದೊಡ್ಡವರಾಗಲಿ, ಸ್ವಂತ ಮನೆಯಾಗಲಿ ಎಂದು ಕಾಯುತ್ತಾರೆ. ದಯವಿಟ್ಟು ಕಾಯಬೇಡಿ. ಮೊದಲ ಬೇಸಿಗೆಯಲ್ಲೇ ಹೋಗಿ.

ಕಾಲಿಗೆ ಅಭ್ಯಾಸವಾಗಲು ಹತ್ತಿರದ ನಾರ್ತ್ ಬೆಂಡ್ ಊರಿನ ಬೆಟ್ಟಗಳಿಂದ ಶುರುಮಾಡಿ. ರ‍್ಯಾಟಲ್‌ಸ್ನೇಕ್ ಲೆಡ್ಜ್‌ಗೆ ಹೋಗಿ ಬರಲು ಸುಮಾರು ಆರೂವರೆ ಕಿಲೋಮೀಟರ್; ಮೇಲಿನ ಬಂಡೆಯ ಅಂಚಿಗೆ ಕಂಬಿಬೇಲಿ ಇಲ್ಲ, ಮಕ್ಕಳ ಕೈ ಬಿಡಬೇಡಿ. ಅದಾದ ಮೇಲೆ ಲಿಟಲ್ ಸೈ. ಇವೆರಡೂ ಸಲೀಸಾದ ಮೇಲೆಯೇ ಮೌಂಟ್ ಸೈ. ಅದು ಹೋಗಿಬರಲು ಸುಮಾರು 13 ಕಿಲೋಮೀಟರ್, ಏರು 3,000 ಅಡಿಗೂ ಹೆಚ್ಚು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿದವರು ನಾವು ಎಂಬ ಧೈರ್ಯ ನಮ್ಮವರಿಗೆ ಇರುತ್ತದೆ. ಆ ಧೈರ್ಯ ಒಳ್ಳೆಯದೇ, ಆದರೆ ಅಲ್ಲಿ ಅರ್ಧ ಗಂಟೆಯಲ್ಲಿ ಹನುಮಪ್ಪನ ಗುಡಿ ಸಿಗುತ್ತದೆ. ಇಲ್ಲಿ ಗಂಟೆಗಟ್ಟಲೆ ಮರಗಳ ನಡುವೆಯೇ ಏರಬೇಕು, ಸುತ್ತ ಏನೂ ಕಾಣುವುದಿಲ್ಲ. ತಲೆಯ ಮೇಲೆ ಆಕಾಶ, ಕಾಲ ಕೆಳಗೆ ಬಂಡೆ ಎಂದು ಬೆಳೆದ ನಮಗೆ ಈ ಕತ್ತಲ ಕಾಡು ಮೊದಮೊದಲು ಉಸಿರುಗಟ್ಟಿಸುತ್ತದೆ. ಅದು ಸಹಜ, ಹೆದರಬೇಡಿ.

ಹೆದರಬೇಕಾದದ್ದು ಚಳಿಗೆ. ನಮ್ಮ ಸೀಮೆಯವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ: ಯಾವ ಹೊತ್ತಿಗೆ ಹೊರಡಬೇಕು, ಎಷ್ಟು ನೀರು ಒಯ್ಯಬೇಕು, ತಲೆಗೆ ಏನು ಸುತ್ತಬೇಕು ಎಂಬುದು ಮೈಗೆ ಗೊತ್ತು. ಚಳಿಯ ಲೆಕ್ಕ ಮಾತ್ರ ನಮ್ಮ ಮೈಗೆ ಗೊತ್ತಿಲ್ಲ. ಜುಲೈ ತಿಂಗಳು, ಬೇಸಿಗೆ ತಾನೇ ಎಂದು ಹತ್ತಿಯ ಅಂಗಿ, ಜೀನ್ಸ್, ಚಪ್ಪಲಿಯಲ್ಲಿ ಹೊರಟ ಕುಟುಂಬಗಳನ್ನು ಪ್ರತಿ ವರ್ಷ ನೋಡುತ್ತೇನೆ, ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರೇನಿಯರ್‌ನ ಪ್ಯಾರಡೈಸ್ ಎಂಬ ಜಾಗ 5,400 ಅಡಿ ಎತ್ತರದಲ್ಲಿದೆ. ಅಲ್ಲಿ ಜುಲೈನಲ್ಲೂ ಕಾಲುದಾರಿಯ ಮೇಲೆ ಹಿಮ ಉಳಿದಿರುವುದುಂಟು. 1971–72ರ ಒಂದೇ ಚಳಿಗಾಲದಲ್ಲಿ 1,122 ಅಂಗುಲ ಹಿಮ ಬಿದ್ದ ಜಾಗ ಅದು. ಬೆವರಿಗೋ ಮಳೆಗೋ ನೆನೆದ ಹತ್ತಿ ಬಟ್ಟೆ ಒಣಗದೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಉಣ್ಣೆಯದೋ ಬೇಗ ಒಣಗುವ ಬಟ್ಟೆಯದೋ ಒಂದು ಅಂಗಿ, ಮೇಲೊಂದು ಮಳೆಯ ಜಾಕೆಟ್, ಹಿಡಿತವಿರುವ ಬೂಟು, ಟಾರ್ಚು ಪ್ರತಿಯೊಬ್ಬರ ಚೀಲದಲ್ಲೂ ಇರಲಿ, ಮಕ್ಕಳ ಚೀಲದಲ್ಲೂ ಸಹ. 1906ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಮೌಂಟನಿಯರ್ಸ್ ಸಂಘದವರು ಬೆಟ್ಟಕ್ಕೆ ಒಯ್ಯಬೇಕಾದ ಹತ್ತು ವಸ್ತುಗಳ ಪಟ್ಟಿ ಮಾಡಿದ್ದಾರೆ. ಅದನ್ನು ಹುಡುಕಿ, ಅಡುಗೆ ಮನೆಯ ಗೋಡೆಗೆ ಅಂಟಿಸಿಕೊಳ್ಳಿ.

ಪ್ರವೇಶದ ಪಾಸು, ರಸ್ತೆಯ ಸ್ಥಿತಿ ಎಲ್ಲವೂ ರೇನಿಯರ್ ರಾಷ್ಟ್ರೀಯ ಉದ್ಯಾನದ ಅಧಿಕೃತ ಜಾಲತಾಣದಲ್ಲಿದೆ, ಹಿಂದಿನ ರಾತ್ರಿ ನೋಡಿಕೊಳ್ಳಿ. ಒಳಗೆ ಪೆಟ್ರೋಲ್ ಸಿಗುವುದಿಲ್ಲ, ಮೊಬೈಲ್ ಸಿಗ್ನಲ್ ಬಹುತೇಕ ಇಲ್ಲ. ನವೆಂಬರ್ 1ರಿಂದ ಮೇ 1ರವರೆಗೆ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿ ವಾಹನದಲ್ಲಿ ಕಡ್ಡಾಯ. ಬೇಸಿಗೆಯ ಶನಿವಾರ, ಭಾನುವಾರ ಬೆಳಿಗ್ಗೆ ಎಂಟರೊಳಗೆ ತಲುಪದಿದ್ದರೆ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ.

ಬುತ್ತಿಯ ವಿಷಯದಲ್ಲಿ ಮಾತ್ರ ನಮ್ಮವರನ್ನು ಮೀರಿಸುವವರಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದಿಷ್ಟು ಬೆಲ್ಲ ಇದ್ದರೆ ಸಾಕು, ಕೆಡುವುದಿಲ್ಲ, ಭಾರವಿಲ್ಲ. ತಿನ್ನುವಾಗ ಅಳಿಲಿನಂಥ ಚಿಪ್‌ಮಂಕ್‌ಗಳೂ ಬೂದು ಬಣ್ಣದ ಜೇ ಹಕ್ಕಿಗಳೂ ಕಾಲಬುಡಕ್ಕೇ ಬರುತ್ತವೆ. ಆನೆಗೊಂದಿಯಲ್ಲಿ ಮಂಗಗಳಿಗೆ ಬಾಳೆಹಣ್ಣು ಕೊಟ್ಟು ಪುಣ್ಯವೆಂದುಕೊಂಡ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಹಿಂದೆ ತೆಗೆದುಕೊಳ್ಳಿ. ಇಲ್ಲಿ ಅದು ಅಪರಾಧ. ಮನುಷ್ಯರ ತಿಂಡಿಗೆ ಒಗ್ಗಿದ ಪ್ರಾಣಿ ಚಳಿಗಾಲಕ್ಕೆ ಆಹಾರ ಕೂಡಿಡುವುದನ್ನೇ ಮರೆಯುತ್ತದೆ. ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿಗಳನ್ನು ಹೊರಗೆ ಬರಿಸುತ್ತಾರೆ, ನಾವು ವೀಕ್ಷಣಾ ಗೋಪುರದಲ್ಲಿ ನಿಂತು ನೋಡುತ್ತೇವೆ. ಇಲ್ಲಿ ಗೋಪುರವಿಲ್ಲ, ಕರಿಕರಡಿ ದಾರಿಯಲ್ಲೇ ಎದುರಾಗಬಹುದು. ಅದರಿಂದ ನೂರು ಗಜ, ಜಿಂಕೆ, ಕಾಡುಮೇಕೆಗಳಿಂದ ಇಪ್ಪತ್ತೈದು ಗಜ ದೂರವಿರಬೇಕು ಎಂಬುದು ನಿಯಮ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕಾಲುದಾರಿ ಬಿಟ್ಟು ಹೂವಿನ ಬಯಲಿಗೆ ಇಳಿಯಬೇಡಿ. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಪ್ಯಾರಡೈಸಿನ ಇಳಿಜಾರುಗಳು ಲೂಪಿನ್, ಪೇಂಟ್‌ಬ್ರಷ್ ಹೂಗಳಿಂದ ನೀಲಿ, ಕೆಂಪಾಗುತ್ತವೆ, ಅಲ್ಲಿ ಸೀರೆಯುಟ್ಟು ಕುಳಿತು ಫೋಟೊ ತೆಗೆಸಿಕೊಳ್ಳುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಆ ಗಿಡಗಳಿಗೆ ಹಿಮ ಕರಗಿ ಮತ್ತೆ ಬೀಳುವ ನಡುವಿನ ಕೆಲವೇ ವಾರಗಳ ಬಾಳು. ತುಳಿದ ಜಾಗ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ನನ್ನ ಅವ್ವ ಕಂಪ್ಲಿಯಿಂದ ಬಂದಿದ್ದಾಗ ಅಲ್ಲಿ ನಿಂತು ಕೇಳಿದ ಪ್ರಶ್ನೆ ಇದು: "ಇಷ್ಟು ದೊಡ್ಡ ಬೆಟ್ಟಕ್ಕೆ ದೇವರಿಲ್ಲವೇ?" ಗುಡಿ ಇಲ್ಲ, ಆದರೆ ಬೆಟ್ಟ ಪವಿತ್ರವೇ. ನಿಸ್ಕ್ವಾಲಿ, ಪುಯಾಲಪ್, ಯಾಕಮ ಮುಂತಾದ ಮೂಲನಿವಾಸಿ ಜನರಿಗೆ ಇದು ತಾಹೋಮ. 1870ರಲ್ಲಿ ಹಜಾರ್ಡ್ ಸ್ಟೀವನ್ಸ್ ಮತ್ತು ವ್ಯಾನ್ ಟ್ರಂಪ್ ಎಂಬಿಬ್ಬರು ಶಿಖರಕ್ಕೆ ಹೊರಟಾಗ, ದಾರಿ ತೋರಿಸಿದ ಮೂಲನಿವಾಸಿ ಸ್ಲೂಯಿಸ್ಕಿನ್ ಮೇಲಕ್ಕೆ ಹೋಗಬೇಡಿ ಎಂದು ಬಹಳವಾಗಿ ತಡೆದನಂತೆ. ಇದನ್ನು ಹೇಳಿದಾಗ ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದಳು. ನಾವೂ ಶಿಖರದ ಆಸೆ ಇಟ್ಟುಕೊಳ್ಳಬೇಕಿಲ್ಲ. 14,410 ಅಡಿಯ ಆ ತುದಿಗೆ ಹಗ್ಗ, ಹಿಮಕೊಡಲಿ, ತರಬೇತಿ, ಅನುಮತಿ ಎಲ್ಲ ಬೇಕು. ಐದೂವರೆ ಮೈಲಿಯ ಸ್ಕೈಲೈನ್ ದಾರಿಯಲ್ಲಿ ನಡೆದರೆ ನಿಸ್ಕ್ವಾಲಿ ಹಿಮನದಿ ಕಣ್ಣೆದುರಿಗೇ ಬರುತ್ತದೆ. ಅದು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. ನಿಮ್ಮ ಮಕ್ಕಳು ಅದನ್ನು ಈಗಲೇ ನೋಡಲಿ.

ಒಂದು ವರ್ಷಕ್ಕೆ ಹತ್ತು ಉದ್ಯಾನ ನೋಡಿದೆವು ಎಂದು ಲೆಕ್ಕ ಹೇಳುವುದಕ್ಕಿಂತ ಇದೊಂದೇ ಬೆಟ್ಟಕ್ಕೆ ಬೇರೆ ಬೇರೆ ಋತುವಿನಲ್ಲಿ ಹೋಗಿ ಎನ್ನುತ್ತೇನೆ. ಊರು ನಮ್ಮದಾಗುವುದು ಹಾಗೆಯೇ: ಯಾವ ತಿರುವಿನಲ್ಲಿ ನೀರು ಹರಿಯುತ್ತದೆ, ಯಾವ ತಿಂಗಳು ಯಾವ ಹೂವು ಎಂಬುದು ಗೊತ್ತಾದಾಗ. ನನ್ನ ಮಗಳು ಬೆಟ್ಟದ ಚಿತ್ರ ಬರೆದರೆ ತುದಿಗೆ ಬಿಳಿ ಬಣ್ಣ ಬಳಿಯುತ್ತಾಳೆ. ನಾನು ಬರೆದ ಬೆಟ್ಟಗಳೆಲ್ಲ ಬಳ್ಳಾರಿ ಕೋಟೆಯ ಗುಡ್ಡದಂತೆ ಬರಿ ಬಂಡೆ, ಇಲ್ಲವೇ ಸಂಡೂರಿನ ಕೆಂಪು ಮಣ್ಣು. ಈ ಬೆಟ್ಟವನ್ನು 1899ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಕಾಪಾಡಿದರು. ಸಂಡೂರಿನ ಬೆಟ್ಟಗಳನ್ನು ಅದಿರಿಗಾಗಿ ಅಗೆದು ಲಾರಿಗೆ ತುಂಬಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಎಷ್ಟೋ ಗುಡ್ಡಗಳ ಆಕಾರವೇ ಕೆಟ್ಟಿತ್ತು. ಇಲ್ಲಿನ ಅರಣ್ಯ ರಕ್ಷಕರು ಮಕ್ಕಳಿಗೆ ಜೂನಿಯರ್ ರೇಂಜರ್ ಬಿಲ್ಲೆ ತೊಡಿಸಿ ಉದ್ಯಾನವನ್ನು ಕಾಪಾಡುತ್ತೇವೆಂದು ಪ್ರತಿಜ್ಞೆ ಮಾಡಿಸುವಾಗ ನನಗೆ ಸಂತೋಷವೂ ಆಗುತ್ತದೆ, ಸಿಟ್ಟೂ ಬರುತ್ತದೆ. ನಮ್ಮ ಗುಡ್ಡಗಳಿಗೂ ಇಂಥ ಮಕ್ಕಳು ಬೇಕಿತ್ತು.

ಆದ್ದರಿಂದ ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಮದುವೆ ಮನೆಗಳಿಗಷ್ಟೇ ಸುತ್ತಾಡಿಸಬೇಡಿ. ಸಂಡೂರಿನ ನಾರಿಹಳ್ಳದ ಕಣಿವೆ ತೋರಿಸಿ, ರಾಯಚೂರಿನ ಕೋಟೆ ಗುಡ್ಡ ಹತ್ತಿಸಿ. ಅಂಜನಾದ್ರಿಗೆ ಬಿಸಿಲೇರುವ ಮೊದಲೇ ಹೊರಡಿ, ತಿಂಡಿಯನ್ನು ಚೀಲದೊಳಗೇ ಮುಚ್ಚಿಡಿ, ಮಂಗಗಳು ಕೈಯಿಂದ ಕಿತ್ತುಕೊಳ್ಳುತ್ತವೆ. ದಾರಿಯಲ್ಲಿ ಬಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಮಕ್ಕಳು ಹೆಕ್ಕಲು ಹೊರಟರೆ, ನೋಡುವವರು ಏನೆನ್ನುತ್ತಾರೋ ಎಂದು ತಡೆಯದೆ ನೀವೂ ಒಂದು ಚೀಲ ಹಿಡಿದುಕೊಳ್ಳಿ.