ನೇರಳೆ ಕಲೆಯಿಂದ ಹುಟ್ಟಿದ ಕಥೆ

ನೇರಳೆಹಣ್ಣಿನ ನೆನಪಿನಿಂದ ಕಥೆ ಬರೆಯಬೇಕೆಂದು ಮೊದಲ ಸಲ ಕೂತಾಗ 4 ಪುಟ ಸರಾಗವಾಗಿ ಬಂತು. ಮರ, ಮಳೆ, ಉದುರಿದ ಹಣ್ಣು, ಗೆಳೆಯರು, ಸಿಹಿ. ಮಾರನೇ ದಿನ ಓದಿದರೆ ಅದರಲ್ಲಿ ಕಥೆಯೇ ಇರಲಿಲ್ಲ. ಹಣ್ಣು ಚೆನ್ನಾಗಿತ್ತು ಅನ್ನುವುದನ್ನೇ ಹತ್ತಾರು ಬಗೆಯಲ್ಲಿ ಹೇಳಿದ್ದೆ. ಯಾರಿಗೂ ಏನೂ ಆಗಿರಲಿಲ್ಲ.

ಆ ಹಾಳೆಗಳನ್ನು ಬದಿಗಿಟ್ಟು ಹಣ್ಣನ್ನೇ ತಂದೆ. ಒಂದೊಂದಾಗಿ ತಿನ್ನುತ್ತಾ, ಬಾಯಿಗೆ ಏನಾಗುತ್ತದೋ ಅಷ್ಟನ್ನೇ ಬರೆಯುತ್ತಾ ಹೋದೆ. 'ಸಿಹಿ', 'ರುಚಿ', 'ಸವಿ' ಈ ಪದಗಳನ್ನು ಮುಟ್ಟಬಾರದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಹಲಸೋ ಸೀಬೆಯೋ ಆಗಿದ್ದರೆ ಘಮವೇ ಅರ್ಧ ಕೆಲಸ ಮಾಡುತ್ತಿತ್ತು. ನೇರಳೆಗೆ ಅಂಥ ಘಮವಿಲ್ಲ, ಅದರ ನೆನಪೆಲ್ಲ ನಾಲಿಗೆಯಲ್ಲಿದೆ. ಐದಾರು ಹಣ್ಣಾಗುವಷ್ಟರಲ್ಲಿ ನಾಲಿಗೆ ದಪ್ಪಗಾದಂತಾಗಿ ಅಂಗುಳಕ್ಕೆ ಅಂಟತೊಡಗಿತು. ಹಣ್ಣಿನಲ್ಲಿರುವ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡಾಗ ಬಾಯಿಯ ಜಾರುತನ ಹೋಗುತ್ತದೆ, ಅದೇ ಒಗರು. 'ನಾಲಿಗೆ ಹೊರಳುತ್ತಿಲ್ಲ' ಎಂದು ಬರೆದೆ. ಬರೆದವನು ಹಾಗೇ ನಿಂತುಬಿಟ್ಟೆ.

ಯಾಕೆಂದರೆ ನನ್ನ ನಾಲಿಗೆ ನಿಜವಾಗಿ ಹೊರಳದೇ ಹೋದ ದಿನವೊಂದಿತ್ತು. ಹಣ್ಣು ತಿಂದ ಕೈಯನ್ನು ಅಕ್ಕನ ಲಂಗಕ್ಕೆ ಒರೆಸಿಬಿಟ್ಟಿದ್ದೆ. ಅಮ್ಮ ಬೈದದ್ದು ಅವಳನ್ನು. ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದರೆ ನಾಲಿಗೆಯ ಬಣ್ಣ ಕಾಣುತ್ತಿತ್ತು. ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು, ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅನ್ನುವುದು ನನಗೆ ಗೊತ್ತಿಲ್ಲ.

ನೆನಪು ಅಲ್ಲಿಗೆ ಮುಗಿಯಿತು, ಕಥೆ ಅಲ್ಲಿಂದ ಶುರುವಾಯಿತು. ನನ್ನ ಕಣ್ಣಿನಿಂದ ಬರೆಯುವುದನ್ನು ಬಿಟ್ಟು ಅಕ್ಕನ ಒಳಗೆ ಹೋಗಿ ಕೂತೆ. ಕಥೆಯ ಹುಡುಗಿಗೆ ಸುಮ್ಮನಿರಲು ಅವಳದೇ ಕಾರಣ ಬೇಕಿತ್ತು. ಅವಳೂ ಕದ್ದು ಎಲ್ಲಿಗೋ ಹೋಗಿ ಬಂದಿದ್ದಾಳೆ, ತಮ್ಮ ಅದನ್ನು ನೋಡಿದ್ದಾನೆ. ಇದು ನಡೆದದ್ದಲ್ಲ, ನಾನು ಕಟ್ಟಿದ್ದು. ಆದರೂ ಲಂಗದ ಮೇಲಿನ ಕಲೆ ಮಾತ್ರ ನಿಜದ್ದೇ ಆಗಿರಬೇಕು ಅನ್ನಿಸಿತು. ಹಣ್ಣಿನಂಥ ಒಂದು ಪುಟ್ಟ ವಿವರ ಸುಳ್ಳಾದರೆ ಓದುವವರು ಉಳಿದ ಯಾವುದನ್ನೂ ನಂಬುವುದಿಲ್ಲ.

ಹಾಗಾಗಿ ಬಿಳಿ ಬಟ್ಟೆಗೆ ಹಣ್ಣು ತಿಕ್ಕಿ ಬಟ್ಟೆ ಸೋಪು ಹಚ್ಚಿ ನೋಡಿದೆ. ಕಲೆ ಹೋಗಲಿಲ್ಲ, ಕೆನ್ನೇರಳೆ ನೀಲಿಗೆ ತಿರುಗಿತು. ಇನ್ನೊಂದು ತುದಿಗೆ ನಿಂಬೆರಸ ಹಿಂಡಿದರೆ ಅದೇ ಬಣ್ಣ ಕೆಂಪಾಯಿತು. ಹಣ್ಣಿಗೆ ಬಣ್ಣ ಕೊಡುವ ಆಂಥೋಸಯಾನಿನ್ ಸೋಪಿನಂಥ ಕ್ಷಾರಕ್ಕೊಂದು ಬಣ್ಣ, ನಿಂಬೆಯಂಥ ಹುಳಿಗೊಂದು ಬಣ್ಣ ತೋರಿಸುತ್ತದೆ. ಅಂದರೆ ತೊಳೆದು ಅಡಗಿಸಲು ಹೋದ ಹುಡುಗಿಯ ಕೈಯಲ್ಲೇ ಕಲೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಇಡೀ ಕಥೆ ನಿಂತಿರುವುದು ಈ ಒಂದು ದೃಶ್ಯದ ಮೇಲೆ. ಇದನ್ನು ಕೂತಲ್ಲೇ ಕಲ್ಪಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಮೊದಲ 4 ಪುಟಗಳಿಂದ ಉಳಿದದ್ದು ಎರಡೇ ವಾಕ್ಯ. ಮರ, ಮಳೆ, ಗೆಳೆಯರು ಎಲ್ಲ ಹೋಯಿತು. ಹೋಗಬೇಕಾದದ್ದೇ.

ಬರೆದು ಮುಗಿಸಿ ಅಕ್ಕನಿಗೆ ಓದಿ ಹೇಳಿದೆ. ಘಟನೆ ಅವಳಿಗೆ ಮರೆತೇ ಹೋಗಿರುತ್ತದೆ ಅಂದುಕೊಂಡಿದ್ದೆ. ಕೊನೆಯವರೆಗೂ ಕೇಳಿ, "ಅದು ಬಿಳಿ ಲಂಗ ಅಲ್ಲ ಕಣೋ, ಹಳದಿ" ಅಂದಳು. ಕಥೆಯಲ್ಲಿ ಬಿಳಿಯೇ ಇರಲಿ ಎಂದು ಬಿಟ್ಟೆ. ಆ ನೀಲಿ ಎದ್ದು ಕಾಣುವುದು ಬಿಳಿಯ ಮೇಲೇ.