ಮಿಲ್ಲಿನ ಬೂದಿ ಬೀಳೋ ಊರಲ್ಲಿ ಸೋಲಾರ್ ತೊಳೆಯೋದು: ನನ್ನ ಅನುಭವ

ಗಂಗಾವತಿಯಲ್ಲಿ ಮಾಳಿಗೆ ಮೇಲೆ ಸೋಲಾರ್ ಹಾಕಿಸಿದವರಿಗೆ ಅಕ್ಕಿ ಮಿಲ್ಲಿನ ಬೂದಿ ಹೊಸದೇನಲ್ಲ. ಹೊಟ್ಟು ಸುಟ್ಟ ಕರಿ ಬೂದಿ ಗಾಳಿಗೆ ಹಾರಿ ಬಂದು ಗಾಜಿನ ಮೇಲೆ ಕೂರುತ್ತದೆ. ಇಬ್ಬನಿ ಬಿದ್ದು ಒಣಗಿತೋ, ಮುಗೀತು, ಅಂಟಿಕೊಂಡು ಬಿಡುತ್ತದೆ.

ನನ್ನದು 540 ವ್ಯಾಟಿನ ಆರು ಪ್ಯಾನೆಲ್, ಒಂದೇ ಸ್ಟ್ರಿಂಗ್, ಅಂದರೆ ಆರನ್ನೂ ಒಂದರ ಹಿಂದೆ ಒಂದು ವೈರಿನಲ್ಲಿ ಜೋಡಿಸಿದ್ದು. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಬಂದಿದೆ. ಒಳ್ಳೆ ಬಿಸಿಲಿಗೆ ದಿನಕ್ಕೆ 13–14 ಯೂನಿಟ್ ಬರಬೇಕು. ಮಿಲ್ಲುಗಳು ಹಗಲು ರಾತ್ರಿ ಓಡುವಾಗ ಹನ್ನೊಂದಕ್ಕೆ ಇಳಿಯುತ್ತಿತ್ತು. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ ನಾನೂರು, ನಾನೂರೈವತ್ತು ಹೋಯಿತು. ಆಳು ಕರೆಸಿದರೆ ಒಂದು ಸಲಕ್ಕೆ ಮುನ್ನೂರು ಕೇಳುತ್ತಾರೆ. ತಿಂಗಳಿಗೆ ಎರಡು ಸಲ ತೊಳೆಸಿದರೆ ಉಳಿಯೋದಕ್ಕಿಂತ ಕೊಡೋದೇ ಜಾಸ್ತಿ. ವರ್ಷದ ಕಾಂಟ್ರಾಕ್ಟ್‌ಗೆ ಆರು ಸಾವಿರದ ಹತ್ತಿರ ಹೇಳಿದರು. ಬೇಡ ಅಂದೆ.

ಪ್ಯಾನೆಲ್ ಕೂಡಿಸಿದ ಹುಡುಗ "ಬೋರ್ ನೀರು ಹೊಡೀರಿ ಸರ್, ಸಾಕು" ಅಂದಿದ್ದ. ನಮ್ಮ ಬೋರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣದ ಅಳತೆ, ಸಾವಿರದ ಮೇಲಿದೆ. ಎರಡು ತಿಂಗಳಲ್ಲಿ ಬೂದಿ ಹೋಗಿ ಬಿಳಿ ಕಲೆ ಬಂತು. ಅದನ್ನು ತೆಗೆಯಲು ವಿನೆಗರ್ ನೀರಲ್ಲಿ ಒಂದು ಇಡೀ ಬೆಳಗ್ಗೆ ಹೋಯಿತು. ಆಮೇಲೆ ಗಾಜಿಗೆ ಹಚ್ಚುವ ಕೋಟಿಂಗ್ ಅಂತ ಒಂದು ಬಾಟಲಿ ತರಿಸಿದೆ, ಎರಡು ಸಾವಿರದ ಹತ್ತಿರ. ಮೊದಲ ವಾರ ನೀರು ಮುತ್ತಿನಂತೆ ಜಾರಿತು. ತಿಂಗಳೊಳಗೆ ಮೊದಲಿನ ಹಾಗೆಯೇ ಆಯಿತು.

ಕೊನೆಗೆ ಕೈ ಹಿಡಿದದ್ದು ಶುದ್ಧ ಕುಡಿಯುವ ನೀರಿನ ಘಟಕದ ಐದು ರೂಪಾಯಿ ಕ್ಯಾನು. ಎರಡು ಕ್ಯಾನ್, 40 ಲೀಟರ್, ಹತ್ತು ರೂಪಾಯಿ. "ಕುಡಿಯೋ ನೀರಲ್ಲಿ ಪ್ಯಾನೆಲ್ ತೊಳೀತೀರಾ?" ಅಂತ ಪಕ್ಕದ ಮನೆ ಕಾಕಾ ನಕ್ಕರು. 40 ಲೀಟರಿಗೆ ಆರು ಪ್ಯಾನೆಲ್ ಆಗೋದೇ ಇಲ್ಲ ಅಂತ ವಾದ ಬೇರೆ. ಆಗುತ್ತದೆ, ಹೊತ್ತು ನೋಡಿ ಮಾಡಬೇಕು ಅಷ್ಟೇ. ಸೂರ್ಯ ಹುಟ್ಟೋ ಮುಂಚೆ ಗಾಜು ಇಬ್ಬನಿಯಲ್ಲಿ ನೆಂದಿರುತ್ತದೆ, ಬೂದಿ ತಾನೇ ಮೆತ್ತಗಾಗಿರುತ್ತದೆ. ಮೊದಲು ಮೇಲಿನಿಂದ ಚೆಂಬಿನಲ್ಲಿ ನೀರು ಬಿಡಬೇಕು, ಒರೆಸಬಾರದು. ಹೊಟ್ಟಿನ ಬೂದಿ ತುಂಬ ಸಿಲಿಕಾ, ಅಂದರೆ ಮರಳಿನಲ್ಲಿರೋ ಅದೇ ವಸ್ತು, ಒಣಗಿದ್ದನ್ನು ತಿಕ್ಕಿದರೆ ಗಾಜಿಗೆ ಗೀರು. ಹರಿದು ಹೋದ ಮೇಲೆ ಮೆತ್ತನೆ ಬಟ್ಟೆಯ ವೈಪರ್ ಮೇಲಿಂದ ಕೆಳಗೆ ಒಂದೇ ಎಳೆತ. ಬಿಸಿಲು ಬೀಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮರುದಿನವೇ 13 ದಾಟಿತು. ಕಾಕಾ ಈಗ ಇದೇ ಕ್ಯಾನ್ ತರಿಸುತ್ತಾರೆ.

ಬಹಳ ಜನ ನೋಡದ ಜಾಗ ಪ್ಯಾನೆಲ್ಲಿನ ಕೆಳಅಂಚು. ಗಾಜಿಗಿಂತ ಅಲ್ಯೂಮಿನಿಯಂ ಫ್ರೇಮು ಸ್ವಲ್ಪ ಎತ್ತರ ಇರುತ್ತದೆ. ನೀರು ಅಲ್ಲಿ ನಿಂತು ಒಣಗುತ್ತದೆ, ಬೆರಳಗಲ ಕೆಸರಿನ ಗೆರೆ ಉಳಿಯುತ್ತದೆ. ಸಣ್ಣ ಜಿನುಗು ಮಳೆ ಬಂದರೆ ಇನ್ನೂ ಕೆಟ್ಟದು, ಮೇಲಿನ ಬೂದಿಯೆಲ್ಲ ಅಲ್ಲಿಗೇ ಇಳಿಯುತ್ತದೆ. ಉದ್ದುದ್ದ ನಿಲ್ಲಿಸಿ ಕೂಡಿಸಿದ ಹಾಫ್‌ಕಟ್ ಪ್ಯಾನೆಲ್ (ಅರ್ಧ ಕತ್ತರಿಸಿದ ಸೆಲ್‌ಗಳನ್ನು ಮೇಲೊಂದು, ಕೆಳಗೊಂದು ಭಾಗವಾಗಿ ಜೋಡಿಸಿದ್ದು) ಆದರೆ ಆ ಗೆರೆ ಕೆಳಗಿನ ಅರ್ಧದ ಮೂರೂ ಸೆಲ್ ಸಾಲಿಗೆ ಅಡ್ಡ ಬರುತ್ತದೆ. ಉಳಿದ ಗಾಜು ಕನ್ನಡಿಯ ಹಾಗೆ ಹೊಳೆದರೂ ಕೆಳಗಿನ ಅರ್ಧದಿಂದ ಬರೋ ಕರೆಂಟ್ ಕಡಿಮೆಯಾಗುತ್ತದೆ. ನೀರು ಎಳೆದು ಹೊರಗೆ ಬಿಡುವ ಕ್ಲಿಪ್ಪು ಅಂಗಡಿಯಲ್ಲಿ ಸಿಗುತ್ತವೆ. ನಾನು ಮನೆಯಲ್ಲೇ ಮಾಡಿಕೊಂಡೆ, ಆರು ಪ್ಯಾನೆಲ್ಲಿಗೆ ಐವತ್ತು ರೂಪಾಯಿಯೂ ಆಗಿಲ್ಲ. ಯಾವುದರಿಂದ ಮಾಡಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ಏಪ್ರಿಲ್‌ನಲ್ಲಿ ಇನ್ನೊಂದು ನೋಡಿದೆ. ಸೆಲ್ ಹತ್ತು ಡಿಗ್ರಿ ಜಾಸ್ತಿ ಕಾದರೆ ಮೂರೂವರೆ, ನಾಲ್ಕು ಪರ್ಸೆಂಟ್ ಕರೆಂಟ್ ಹೋಗುತ್ತದೆ ಅಲ್ವಾ? ಮೇಲೆ ಡ್ರಿಪ್ ಪೈಪ್ ಎಳೆದು ಮಧ್ಯಾಹ್ನ ನೀರು ಬಿಟ್ಟೆ. ಇನ್ವರ್ಟರಿನಲ್ಲಿ 2.3 ಇದ್ದದ್ದು 2.5 ಕಿಲೋವ್ಯಾಟ್ ಹತ್ತಿರ ಬಂತು. ಆದರೆ ಬೋರ್ ಮೋಟರು ಅದಕ್ಕಿಂತ ಜಾಸ್ತಿ ತಿಂದಿತು, ಬಿಳಿ ಕಲೆ ಮತ್ತೆ ಶುರು. ಪೈಪ್ ಬಿಚ್ಚಿ ಕರಿಬೇವಿನ ಗಿಡಕ್ಕೆ ಹಾಕಿದೆ.

ಈಗ ಮಿಲ್ ಸೀಸನ್ನಿನಲ್ಲಿ ಹತ್ತು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ತೊಳೆಯುತ್ತೇನೆ. ಜೋರು ಮಳೆ ಬಿದ್ದರೆ ಕೆಳಅಂಚು ನೋಡಿ ಸುಮ್ನಿರ್ತೀನಿ. ತೊಳೆದ ದಿನವೇ ಪ್ಯಾನೆಲ್ಲಿನ ಅಡಿ ಬಗ್ಗಿ ಪಾರಿವಾಳದ ಗೂಡು, ಪ್ಯಾನೆಲ್ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರು, ಇಲಿ ಕಡಿದ ವೈರು ನೋಡುತ್ತೇನೆ. ಕ್ಲಾಂಪಿನ ಬೋಲ್ಟುಗಳನ್ನು ಗಾಳಿ ಮಳೆ ಶುರುವಾಗುವ ಮುಂಚೆ, ಮೇ ತಿಂಗಳಲ್ಲಿ, ಒಂದು ಸುತ್ತು ಬಿಗಿ ಇದೆಯಾ ಅಂತ ಪರೀಕ್ಷಿಸುತ್ತೇನೆ.